ರಾತ್ರಿಯೇ ಕಟ್ಟಿಟ್ಟ ಕಡುಬು, ಬೆಳಿಗ್ಗೆ ಬರೀ ಹಬೆ

ಚಿಕ್ಕಮಗಳೂರಿನ ಜುಲೈ ತಿಂಗಳ ಬೆಳಿಗ್ಗೆ. ಹೊರಗೆ ಬಿಡದ ಮಳೆ, ಒಣಗದ ಯೂನಿಫಾರ್ಮು, ಏಳೂವರೆಗೆ ಸ್ಕೂಲ್ ಬಸ್. ಆಗ ಇಡ್ಲಿ ಹಿಟ್ಟಿನ ಮುಚ್ಚಳ ತೆಗೆದರೆ ಅದು ರಾತ್ರಿ ಇದ್ದಷ್ಟೇ ಇರುತ್ತದೆ. ಹಿಟ್ಟು ಚೆನ್ನಾಗಿ ಹುದುಗಲು 30 ಡಿಗ್ರಿ ಆಸುಪಾಸಿನ ಬಿಸಿ ಬೇಕು. ನಮ್ಮ ಮಳೆಗಾಲದ ಅಡುಗೆಮನೆಯಲ್ಲಿ ಅದೆಲ್ಲಿ ಸಿಗುತ್ತದೆ? ಅದಕ್ಕೇ ಮಳೆಗಾಲದಲ್ಲಿ ಇಡ್ಲಿ, ದೋಸೆಯನ್ನು ನಾನು ಭಾನುವಾರಕ್ಕೆ ಬಿಟ್ಟಿದ್ದೇನೆ. ಉಳಿದ ದಿನಕ್ಕೆ ನಮ್ಮ ಮಲೆನಾಡಿನ ತರಿ ಕಡುಬೇ ಸರಿ. ಅದಕ್ಕೆ ಹುದುಗಿನ ಹಂಗಿಲ್ಲ.

ಮೊದಲು ತರಿ ಮಾಡಿಟ್ಟುಕೊಳ್ಳಿ. ಭಾನುವಾರ ಒಂದು ಕೆ.ಜಿ. ಅಕ್ಕಿ ತೊಳೆದು, ನೀರು ಬಸಿದು, ಬಟ್ಟೆಯ ಮೇಲೆ ಫ್ಯಾನಿನ ಕೆಳಗೆ ಹರಡಿ. ಒಣಗಿದ ಮೇಲೆ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಜರಡಿ ಹಿಡಿದರೆ ಕೆಳಗೆ ಬೀಳುವ ಹಿಟ್ಟು ಅಕ್ಕಿ ರೊಟ್ಟಿಗೆ ಆಯಿತು. ಮೇಲುಳಿದ ತರಿಯನ್ನು ಸಣ್ಣ ಉರಿಯಲ್ಲಿ ಐದು ನಿಮಿಷ ಬೆಚ್ಚಗೆ ಹುರಿಯಿರಿ. ಪೂರ್ತಿ ಆರಿದ ಮೇಲೇ ಡಬ್ಬಕ್ಕೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಮುಗ್ಗಲು ಹಿಡಿಯುತ್ತದೆ.

ರಾತ್ರಿ ಊಟವಾದ ಮೇಲೆ ನಾಲ್ಕು ಲೋಟ ನೀರು ಕುದಿಸಿ. ಉಪ್ಪು, ಅರ್ಧ ಲೋಟ ಕಾಯಿತುರಿ, ಒಂದು ಚಮಚ ತುಪ್ಪ ಹಾಕಿ. ಎರಡು ಲೋಟ ತರಿಯನ್ನು ಉದುರಿಸುತ್ತಾ ಗಂಟಾಗದಂತೆ ತಿರುವಿ. ಹೊಸ ಅಕ್ಕಿಯಾದರೆ ನೀರು ಸ್ವಲ್ಪ ಕಡಿಮೆ ಸಾಕು. ಉರಿ ಸಣ್ಣ ಮಾಡಿ, ನೀರು ಇಂಗುವವರೆಗೆ ಮುಚ್ಚಿಡಿ. ಕೈಗೆ ತಡೆಯುವಷ್ಟು ಆರಿದಾಗ, ಒದ್ದೆ ಕೈಯಲ್ಲಿ ಉಂಡೆ ಕಟ್ಟಿ ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಮಾಡಿ. ಈ ಗುಳಿ ಸುಮ್ನೆ ಚಂದಕ್ಕಲ್ಲ, ಹಬೆ ಒಳಗಿನವರೆಗೆ ತಲುಪಲಿ ಅಂತ. ಡಬ್ಬದಲ್ಲಿ ಜೋಡಿಸಿ, ಮೇಲೆ ಒದ್ದೆ ಬಟ್ಟೆ ಹೊದಿಸಿ ಫ್ರಿಜ್ಜಿಗಿಡಿ.

ಚಳಿ ಇದೆಯಲ್ಲಾ ಅಂತ ಹೊರಗೆ ಮಾತ್ರ ಇಡಬೇಡಿ. ಬೆಂದ ಅಕ್ಕಿ ಹೊರಗುಳಿದರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬೇಯಿಸಿದರೂ ಹೋಗುವುದಿಲ್ಲ. ಮಕ್ಕಳ ಹೊಟ್ಟೆಯ ವಿಷಯ, ಅಲ್ವಾ? ರಾತ್ರಿ ಕರೆಂಟ್ ಹೋದರೆ ಫ್ರಿಜ್ಜಿನ ಬಾಗಿಲು ತೆಗೆಯಬೇಡಿ. ಮುಚ್ಚಿದ ಫ್ರಿಜ್ಜು ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ.

ಬೆಳಿಗ್ಗೆ ಇಡ್ಲಿ ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ ಕಡುಬು ಇಡಿ. ತಣ್ಣಗಿರುವುದರಿಂದ 15 ನಿಮಿಷ ಬೇಕು. ಅಷ್ಟರಲ್ಲಿ ಎರಡು ಜಡೆ ಹಾಕಬಹುದು.

ಜೊತೆಗೆ ಹಾಸನದ ಕಡೆಯ ಹುಚ್ಚೆಳ್ಳು ಚಟ್ನಿಪುಡಿ ಇದ್ದರೆ ಕಾಯಿ ತುರಿಯುವ ಕೆಲಸವೂ ಇಲ್ಲ. ಒಂದು ಲೋಟ ಹುಚ್ಚೆಳ್ಳನ್ನು ತೊಳೆದು ಒಣಗಿಸಿ; ಮರಳು ಜಾಸ್ತಿ ಇರುತ್ತದೆ. ಚಟಚಟ ಅನ್ನುವವರೆಗೆ ಹುರಿಯಿರಿ. ಎಂಟು ಬ್ಯಾಡಗಿ ಮೆಣಸಿನಕಾಯಿ, ಅರ್ಧ ಲೋಟ ಕೊಬ್ಬರಿತುರಿಯನ್ನೂ ಬೇರೆ ಬೇರೆಯಾಗಿ ಹುರಿಯಿರಿ. ಎಂಟು ಎಸಳು ಬೆಳ್ಳುಳ್ಳಿ, ಚೂರು ಹುಣಸೆಹಣ್ಣು, ಉಪ್ಪು ಸೇರಿಸಿ ಪುಡಿ ಮಾಡಿ. ಮಿಕ್ಸಿಯನ್ನು ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಿಸಿ ಕಡುಬು ಮುರಿದು, ತುಪ್ಪ ಬಿಟ್ಟು, ಈ ಪುಡಿ ಉದುರಿಸಿಕೊಂಡು ತಿನ್ನಬೇಕು. ಇದಕ್ಕೆ ಸಮನಾದ ತಿಂಡಿ ನನಗೆ ಇನ್ನೊಂದು ಗೊತ್ತಿಲ್ಲ.

ಹಾಸ್ಟೆಲಿಗೋ ಬಾಡಿಗೆ ರೂಮಿಗೋ ಹೋಗುವ ಮಕ್ಕಳಿಗೆ ಉಪ್ಪಿಟ್ಟಿನ ಮಿಕ್ಸ್ ಕಟ್ಟಿಕೊಡಿ. ಎಣ್ಣೆಯಲ್ಲಿ ಸಾಸಿವೆ, ಬೇಳೆ, ಒಣಮೆಣಸು, ಕರಿಬೇವು ಗರಿಗರಿಯಾದ ಮೇಲೆ ಅರ್ಧ ಕೆ.ಜಿ. ರವೆ ಹಾಕಿ ಘಮ ಬರುವವರೆಗೆ ಹುರಿದು, ಉಪ್ಪು ಬೆರೆಸಿ ಆರಿಸಿದರೆ ಆಯಿತು. ಒಂದು ಲೋಟ ಮಿಕ್ಸ್‌ಗೆ ಎರಡೂವರೆ ಲೋಟ ಕುದಿಯುವ ನೀರು, ಐದು ನಿಮಿಷ ಸಣ್ಣ ಉರಿ. ಕರಿಬೇವು ಸ್ವಲ್ಪವೂ ಹಸಿಯಾಗಿ ಉಳಿಯಬಾರದು, ಉಳಿದರೆ ಮಿಕ್ಸ್ ಬೇಗ ಕೆಡುತ್ತದೆ.

ಕಾಫಿ ಡಿಕಾಕ್ಷನ್ನನ್ನೂ ರಾತ್ರಿಯೇ ಇಳಿಸಿಡಬಹುದಾ ಅಂತ ಕೇಳುವವರಿದ್ದಾರೆ. ಇಡಬಹುದು, ಆದರೆ ಘಮ ಹೋಗಿರುತ್ತದೆ. ಎದ್ದ ತಕ್ಷಣ ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಹುಯ್ಯಿರಿ. ಕಡುಬು ಬೇಯುವಷ್ಟರಲ್ಲಿ ಅದೂ ಇಳಿದಿರುತ್ತದೆ.