ಹಳೆಯ ಜಾಕೆಟ್ ಕೊಳ್ಳುವ ಮುನ್ನ ಅದರ ಒಳಮೈ ನೋಡಿ

ಹಳೆಯ ಜಾಕೆಟ್ ಕೈಗೆ ಸಿಕ್ಕ ಕೂಡಲೇ ತೊಟ್ಟುಕೊಂಡು ಕನ್ನಡಿ ಮುಂದೆ ನಿಲ್ಲಬೇಡಿ. ಒಳಮೈ ಮೇಲೆ ಮಾಡಿ ಮೇಜಿನ ಮೇಲೆ ಹಾಸಿ. ಪಾಲಿಶ್ ಹಚ್ಚಿ ಹೊರಮೈಗೆ ಮಿರುಗು ತರಬಹುದು. ಲೇಬಲ್, ಅಸ್ತರು, ಜಿಪ್ಪಿನ ಬುಡ ಅಷ್ಟು ಸುಲಭವಾಗಿ ಸುಳ್ಳು ಹೇಳುವುದಿಲ್ಲ.

ಇವತ್ತು ಫ್ಯಾಷನ್ ಅನ್ನಿಸಿಕೊಂಡಿರುವ ಜಾಕೆಟ್‌ಗಳಲ್ಲಿ ಬಹಳಷ್ಟು ಹುಟ್ಟಿದ್ದು ಕೆಲಸಕ್ಕಾಗಿ. 1928ರಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಷಾಟ್ ಬೈಕ್ ಸವಾರರಿಗೆಂದು ಪರ್ಫೆಕ್ಟೋ ಎಂಬ ಚರ್ಮದ ಜಾಕೆಟ್ ಹೊಲಿಸಿದರು. ಅದರ ಜಿಪ್ ಓರೆಯಾಗಿರುವುದು ಚೆಂದಕ್ಕಲ್ಲ. ಒಂದು ಮಗ್ಗುಲು ಇನ್ನೊಂದರ ಮೇಲೆ ಹಾಯ್ದು ಎದೆಗೆ ಗಾಳಿ ನುಗ್ಗದಂತೆ ತಡೆಯುತ್ತದೆ. ಅಮೆರಿಕದ ಸೇನೆಯ ಎ-2 ಚರ್ಮದ ಜಾಕೆಟ್ 1931ರದ್ದು, ಅದೇ ಸೇನೆಯ ಬಟ್ಟೆಯ ಜಾಕೆಟ್ ಎಂ-65 ಹೆಸರೇ ಹೇಳುವಂತೆ 1965ರದ್ದು. ಕೆಲಸಕ್ಕೆಂದು ಗಟ್ಟಿಯಾಗಿ ಹೊಲಿದದ್ದರಿಂದಲೇ ಇವು ಉಳಿದಿವೆ. ಕಫ್ ಹರಿದರೆ ಕಫ್, ಜಿಪ್ ಕೆಟ್ಟರೆ ಜಿಪ್ ಮಾತ್ರ ಬದಲಿಸಿದರೆ ಸಾಕು.

ಮೊದಲು ಕಾಲ ಗುರುತಿಸಿ. ಎಂ-65ರ ಲೇಬಲ್‌ನಲ್ಲಿ ಸೇನೆ ಹೊಲಿಸಲು ಕೊಟ್ಟ ಗುತ್ತಿಗೆಯ ಸಂಖ್ಯೆ ಹುಡುಕಿ: ‘ಡಿಎಸ್‌ಎ 100-69-ಸಿ’ ಎಂದಿದ್ದರೆ ನಡುವಿನ 69 ಅಂದರೆ 1969ರ ಹಣಕಾಸು ವರ್ಷ. ಲೀವೈಸ್ ಡೆನಿಮ್ ಜಾಕೆಟ್‌ನಲ್ಲಿ ಜೇಬು ನೋಡಿ. ಎದೆಗೆ ಒಂದೇ ಜೇಬಿದ್ದರೆ ಮೊದಲ ಮಾದರಿ, ಎರಡು ಜೇಬಿದ್ದು ಮುಂಭಾಗದಲ್ಲಿ ನೆರಿಗೆಯೂ ಇದ್ದರೆ 1953ರಲ್ಲಿ ಬಂದ ಮಾದರಿ. ಜೇಬಿನಿಂದ ಸೊಂಟದ ಕಡೆಗೆ ಹೊಲಿಗೆಗಳು ಓರೆಯಾಗಿ ಇಳಿದಿದ್ದರೆ 1962ರಲ್ಲಿ ಬಂದದ್ದು. ಜೇಬಿನ ಅಂಚಿಗೆ ಹೊಲಿದ ಸಣ್ಣ ಕೆಂಪು ಪಟ್ಟಿಯ ಮೇಲಿನ ಇಂಗ್ಲಿಷ್ ಹೆಸರಿನಲ್ಲಿ ‘ಇ’ ದೊಡ್ಡಕ್ಷರವಾಗಿದ್ದರೆ 1971ಕ್ಕಿಂತ ಹಿಂದಿನದು ಎನ್ನುತ್ತಾರೆ. ಆದರೆ ಹಳೆಯ ಮಾದರಿಯನ್ನು ಕಂಪನಿಯೇ ಮತ್ತೆ ಹೊಲಿದಾಗಲೂ ಅದೇ ಪಟ್ಟಿ ಹಾಕುತ್ತದೆ, ಅದೊಂದನ್ನೇ ನಂಬಿ ದುಡ್ಡು ಸುರಿಯಬೇಡಿ. ಒಗೆಯುವ ವಿಧಾನ ಬರೆದ ಲೇಬಲ್ ಅಮೆರಿಕದಲ್ಲಿ ಕಡ್ಡಾಯವಾದದ್ದು 1972ರಲ್ಲಿ. ಅದು ಇಲ್ಲ ಅಂದಮಾತ್ರಕ್ಕೆ ಜಾಕೆಟ್ ಹಳೆಯದಾಗುವುದಿಲ್ಲ. ಕುತ್ತಿಗೆಗೆ ಚುಚ್ಚುತ್ತದೆಂದು ಯಾರೋ ಕತ್ತರಿಸಿರಬಹುದು.

ಚರ್ಮದ ಜಾಕೆಟ್ ಆದರೆ ಕಾಲರಿನ ಕೆಳಮೈಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಮಡಚಿ. ಬರೀ ಗೆರೆ ಮೂಡಿದರೆ ಒಣಗಿದೆ ಅಷ್ಟೇ, ಲೆದರ್ ಕಂಡಿಷನರ್ ತೆಳ್ಳಗೆ ಹಚ್ಚಿ ಒಂದು ದಿನ ಬಿಟ್ಟರೆ ಮೆದುವಾಗುತ್ತದೆ. ಕೆಂಪು ಪುಡಿ ಬೆರಳಿಗೆ ಅಂಟಿದರೆ ನಾರೇ ಕೊಳೆತಿದೆ. ಎಷ್ಟು ಎಣ್ಣೆ ಕುಡಿಸಿದರೂ ಮರಳಿ ಬರುವುದಿಲ್ಲ. ಅಂಥ ಚರ್ಮಕ್ಕೆ ಹೊಸ ಹೊಲಿಗೆ ಹಾಕಿಸಿದರೆ ಸೂಜಿಯ ತೂತುಗಳ ಸಾಲಿನುದ್ದಕ್ಕೂ ಅಂಚೆಚೀಟಿಯ ಹಾಗೆ ಹರಿಯುತ್ತದೆ. ಎಷ್ಟೇ ಅಗ್ಗವಾದರೂ ಬೇಡ.

ಉಣ್ಣೆಯ ಕೋಟಿಗೆ ಪರೀಕ್ಷೆ ಬೇರೆ. ಕೆಳಗಿನ ಕಾಜಾದ ಹತ್ತಿರ ಹೊರಬಟ್ಟೆಯನ್ನೂ ಒಳಬಟ್ಟೆಯನ್ನೂ ಚಿವುಟಿ ಬೇರೆ ಬೇರೆ ಎಳೆಯಿರಿ. ನಡುವೆ ಮೂರನೆಯ ಪದರ ಸಡಿಲವಾಗಿ ಜಾರಿದರೆ ಅದು ಕೋಟಿನ ಆಕಾರ ನಿಲ್ಲಲೆಂದು ಹೊಲಿದು ಕೂರಿಸಿದ ಕ್ಯಾನ್ವಾಸ್. ಹೊರಬಟ್ಟೆಯೇ ದಪ್ಪವಾಗಿ, ಬಿರುಸಾಗಿ ಸಿಕ್ಕರೆ ಆ ಪದರವನ್ನು ಅಂಟಿನಿಂದ ಅಂಟಿಸಿದ್ದು. ಅಂಟು ಬಿಟ್ಟ ಕಡೆ ಎದೆಯ ಮೇಲೆ ಗುಳ್ಳೆ ಏಳುತ್ತದೆ, ಇಸ್ತ್ರಿ ಹಾಕಿದರೂ ಅದು ನೆಟ್ಟಗೆ ಸರಿಹೋಗುವುದಿಲ್ಲ.

1954ರಲ್ಲಿ ಫ್ಯಾಷನ್ನಿಗೆ ಮರಳಿದ ಪ್ಯಾರಿಸ್ಸಿನ ವಿನ್ಯಾಸಕಿ ಗೇಬ್ರಿಯಲ್ ಶನೆಲ್ ರೂಢಿಗೆ ತಂದ ಟ್ವೀಡ್ (ಉಣ್ಣೆ ನೇಯ್ಗೆಯ) ಜಾಕೆಟ್ ಆದರೆ ಅಂಚಿನ ಒಳಗೆ ಸಣ್ಣ ಸರಪಳಿ ಹೊಲಿದಿರುತ್ತದೆ. ಹಗುರ ಬಟ್ಟೆ ಮೇಲೇಳದೆ ನೇರ ಇಳಿಬೀಳಲಿ ಎಂದು ಕೊಟ್ಟ ಭಾರ ಅದು. ಸರಪಳಿ ಇದೆಯೆಂದು ಅಸಲಿ ಎನ್ನಬೇಡಿ, ನಕಲಿಗೂ ಹಾಕುತ್ತಾರೆ. ಚೌಕಳಿ ಬಟ್ಟೆಯ ಗೆರೆ ಜೇಬಿನ ಮೇಲೂ ತಪ್ಪದೆ ಮುಂದುವರಿದಿದೆಯೇ ನೋಡಿ. ನಕಲಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ಅಲ್ಲೇ.

ಜಿಪ್ ಬಿಗಿಯಾಗಿದ್ದರೆ ಹಲ್ಲುಗಳಿಗೆ ಮೇಣದಬತ್ತಿ ಉಜ್ಜಿ. ಎಳೆದ ಹಿಂದೆಯೇ ಬಾಯಿ ಬಿಟ್ಟುಕೊಂಡರೆ ಸ್ಲೈಡರ್ ಸವೆದಿದೆ. ಇಕ್ಕಳದಿಂದ ಅದರ ಎರಡೂ ಬದಿಯನ್ನು ಒಂದೊಂದೇ, ಕೂದಲೆಳೆಯಷ್ಟು ಒತ್ತಿ. ಜೋರಾಗಿ ಒತ್ತಿದರೆ ಹಳೆಯ ಲೋಹ ಪಟ್ಟನೆ ಮುರಿಯುತ್ತದೆ.

ಮೇಣ ಹಚ್ಚಿದ ಹತ್ತಿಯ ಜಾಕೆಟನ್ನು ಮೆಷಿನ್ನಿಗೆ ಹಾಕಲೇಬಾರದು. ಬಿಸಿನೀರು, ಸೋಪು ಎರಡೂ ಮೇಣವನ್ನು ಕಿತ್ತುಹಾಕುತ್ತವೆ, ಆಮೇಲೆ ಮಳೆನೀರು ಒಳಗಿಳಿಯುತ್ತದೆ. ತಣ್ಣೀರಲ್ಲಿ ಅದ್ದಿದ ಸ್ಪಂಜಿನಿಂದ ಒರೆಸಿ ಪೂರ್ತಿ ಒಣಗಿಸಿ. ಮೇಣದ ಡಬ್ಬಿಯನ್ನು ಬಿಸಿನೀರಲ್ಲಿಟ್ಟು ಕರಗಿಸಿ, ಬಟ್ಟೆಯ ತುಂಡಿನಿಂದ ಹೊಲಿಗೆಗಳ ಮೇಲೆ ಮೊದಲು ತಿಕ್ಕಿ, ಹೇರ್ ಡ್ರೈಯರ್ ಹಿಡಿದು ಮೇಣವನ್ನು ಬಟ್ಟೆಯೊಳಗೆ ಇಳಿಸಿ.

ಉಣ್ಣೆಯಲ್ಲಿ ನುಸಿ ಕಂಡರೆ ಪಾಲಿಥಿನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ 2 ವಾರ ಇಡಿ. ಹೊರತೆಗೆದ ಮೇಲೆ ಚೀಲ ಕೋಣೆಯ ಬಿಸುಪಿಗೆ ಬರುವವರೆಗೆ ಬಿಚ್ಚಬೇಡಿ. ಅವಸರಪಟ್ಟರೆ ತಣ್ಣನೆಯ ಬಟ್ಟೆಯ ಮೇಲೆ ನೀರು ಕಟ್ಟುತ್ತದೆ. ನಂತರ ಅಗಲ ಭುಜದ ಹ್ಯಾಂಗರಿಗೆ ಹಾಕಿ ಹತ್ತಿಯ ಹೊದಿಕೆ ಮುಚ್ಚಿ. ಡ್ರೈಕ್ಲೀನಿಂಗ್‌ನವರು ಕೊಟ್ಟ ಪ್ಲಾಸ್ಟಿಕ್ ಕವರನ್ನು ಮನೆಗೆ ತಂದ ದಿನವೇ ತೆಗೆದುಹಾಕಿ. ತೇವ ಒಳಗೇ ಉಳಿದರೆ ಬೂಷ್ಟು ಮೊದಲು ಹಿಡಿಯುವುದು ಕಾಲರಿಗೆ, ಆಮೇಲೆ ಕಂಕುಳಿಗೆ.