ಮಸಾಯಿ ಮಾರಕ್ಕೆ ಕ್ಯಾಮೆರಾ ಚೀಲ ಕಟ್ಟುವ ಮೊದಲು

ಮೊದಲು ತಕ್ಕಡಿ, ಆಮೇಲೆ ಲೆನ್ಸ್. ಕೀನ್ಯಾದ ರಾಜಧಾನಿ ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಮಸಾಯಿ ಮಾರ ವನ್ಯಧಾಮಕ್ಕೆ ಹಾರುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕಿಲೋ ಸಾಮಾನು ಮಾತ್ರ. ಹೆಗಲಿಗೆ ಹಾಕಿಕೊಂಡ ಚೀಲವೂ ಆ ಲೆಕ್ಕದಲ್ಲೇ ಸೇರುತ್ತದೆ. ಗಟ್ಟಿ ಸೂಟ್‌ಕೇಸ್ ಬೇಡ, ಮೆತ್ತನೆಯ ಚೀಲವೇ ಆಗಬೇಕು. ನಾನು ಎರಡು ಬಾರಿ ಹೋಗಿದ್ದೇನೆ. ಎರಡನೆಯ ಬಾರಿ ಮೈಸೂರಿನ ಮನೆಯಲ್ಲೇ ಒಂದೊಂದನ್ನೂ ತೂಗಿ, ಕ್ಯಾಮೆರಾ ಸಾಮಾನಿಗೆ 8 ಕಿಲೋ, ಉಳಿದದ್ದಕ್ಕೆ 6 ಕಿಲೋ ಎಂದು ಗೆರೆ ಎಳೆದುಕೊಂಡೆ. ಆಮೇಲೆ ಯಾವುದನ್ನು ಬಿಡಬೇಕೆಂಬ ಗೊಂದಲವೇ ಉಳಿಯಲಿಲ್ಲ.

ಏನು ಬಿಟ್ಟರೂ ಎರಡನೆಯ ಕ್ಯಾಮೆರಾವನ್ನು ಬಿಡಬೇಡಿ. ಮೊದಲ ಪ್ರವಾಸದಲ್ಲಿ ನನ್ನ ಬಳಿ ಇದ್ದದ್ದು ಒಂದೇ. ಆಗಸ್ಟ್ ತಿಂಗಳು, ದಾರಿಯೆಲ್ಲ ಒಣ ಧೂಳು. ತಾಯಿ ಚೀತಾವೊಂದು ಮೂರು ಮರಿಗಳನ್ನು ಕರೆದುಕೊಂಡು ನಮ್ಮ ವಾಹನದ ನೆರಳಿಗೇ ಬಂದು ಮಲಗಿತು. ದೂರದ್ದನ್ನು ಹತ್ತಿರ ತರುವ 200-500 ಮಿ.ಮೀ. ಲೆನ್ಸಿನಲ್ಲಿ ಅದರ ಮುಖವೂ ಪೂರ್ತಿ ಹಿಡಿಸುತ್ತಿರಲಿಲ್ಲ. ಗಡಿಬಿಡಿಯಿಂದ ಲೆನ್ಸ್ ಬದಲಿಸುತ್ತಿದ್ದಾಗಲೇ ಇನ್ನೊಂದು ವಾಹನ ಧೂಳೆಬ್ಬಿಸಿಕೊಂಡು ಪಕ್ಕದಲ್ಲಿ ನಿಂತಿತು. ತೆರೆದ ಕ್ಯಾಮೆರಾದೊಳಗೆ ಧೂಳು ಹೊಕ್ಕಿತು. ಉಳಿದ ನಾಲ್ಕು ದಿನ ತೆಗೆದ ಪ್ರತಿ ಚಿತ್ರದ ಆಕಾಶದಲ್ಲೂ ಕಪ್ಪು ಚುಕ್ಕೆಗಳು. ಆ ನೋವು ಇನ್ನೂ ಹೋಗಿಲ್ಲ.

ಈಗ ನನ್ನ ಜೋಡಿ ಹೀಗಿದೆ: ನಿಕಾನ್ ಡಿ500 ಕ್ಯಾಮೆರಾಕ್ಕೆ 200-500, ಡಿ750 ಕ್ಯಾಮೆರಾಕ್ಕೆ ಹತ್ತಿರದ ನೋಟ ಹಿಡಿಯುವ 24-120 ಲೆನ್ಸ್. ನಾಲ್ಕೂ ಸೇರಿ 5 ಕಿಲೋ ಒಳಗೆ. ಬೆಳಿಗ್ಗೆ ಶಿಬಿರದಲ್ಲಿ ಜೋಡಿಸಿದ ಲೆನ್ಸನ್ನು ಸಂಜೆಯವರೆಗೂ ಕಳಚುವುದಿಲ್ಲ. ಕಬಿನಿಯಲ್ಲಿ ಮರಗಳ ನಡುವಿನ ಮಬ್ಬು ಬೆಳಕಿಗೆ ಹೊಂದಿಕೊಂಡವರು ಹೆಚ್ಚು ಬೆಳಕು ಒಳಬಿಡುವ ಎಫ್ 2.8ರ ಭಾರದ ಲೆನ್ಸ್‌ಗಾಗಿ ಹಂಬಲಿಸುತ್ತಾರೆ. ಮಾರ ಬಯಲು ಹುಲ್ಲುಗಾವಲು, ಅಲ್ಲಿ ಬೆಳಕಿಗೆ ಬರವಿಲ್ಲ. ಎಫ್ 5.6 ಸಾಕು. ಅಲ್ಲಿ ಕಾಡುವುದು ಬೇರೆಯದೇ ಸಂಗತಿ: ಬಿಸಿಲೇರಿದಂತೆ ನೆಲದಿಂದ ಏಳುವ ಬಿಸಿಗಾಳಿ. ಹತ್ತು ಗಂಟೆಯ ನಂತರ ದೂರದ ಸಿಂಹ ನೀರೊಳಗಿನ ಬಿಂಬದಂತೆ ಅಲುಗುತ್ತದೆ, ಎಷ್ಟು ದುಬಾರಿಯ ಲೆನ್ಸೂ ಅದನ್ನು ಸರಿಪಡಿಸಲಾರದು. ಆದ್ದರಿಂದ ಇನ್ನೂ ಉದ್ದದ ಲೆನ್ಸ್‌ಗೆ ಹಣ ಸುರಿಯುವ ಬದಲು ಸೂರ್ಯ ಹುಟ್ಟುವ ಹೊತ್ತಿಗೆ ಬಯಲಿನಲ್ಲಿರಿ. ಭೂಮಧ್ಯರೇಖೆ ಹತ್ತಿರವಿರುವುದರಿಂದ ವರ್ಷವಿಡೀ ಅದು ಹೆಚ್ಚುಕಡಿಮೆ ಆರೂವರೆಗೇ.

ಟ್ರೈಪಾಡ್ ಮನೆಯಲ್ಲೇ ಇರಲಿ, ವಾಹನದೊಳಗೆ ಅದನ್ನು ಬಿಡಿಸಿ ನಿಲ್ಲಿಸಲು ಜಾಗವಿಲ್ಲ. ಅದರ ಬದಲು ಲೆನ್ಸ್ ಊರಲು ದರ್ಜಿಯಿಂದ ದಪ್ಪ ಕ್ಯಾನ್ವಾಸಿನ ಜೋಳಿಗೆ ಹೊಲಿಸಿ. ಎರಡು ಕಡೆ ಹೊಟ್ಟೆ, ನಡುವೆ ತೆಳು ಪಟ್ಟಿ, ಕುದುರೆಯ ಜೀನಿನ ಹಾಗೆ ಕಿಟಕಿಯ ಅಂಚಿಗೂ ತೆರೆದ ಚಾವಣಿಯ ಅಂಚಿಗೂ ಕೂರುತ್ತದೆ. ಒಯ್ಯುವಾಗ ಖಾಲಿಯಾಗಿ ಒಯ್ಯಿರಿ. ಶಿಬಿರದ ಅಡುಗೆಮನೆಯಲ್ಲಿ ‘ಮಹರಾಗ್ವೆ’ ಎಂದು ಕೇಳಿದರೆ ಹುರುಳಿಕಾಯಿಯ ಒಣ ಬೀಜ ಕೊಡುತ್ತಾರೆ. ಕೀನ್ಯಾದಲ್ಲಿ ಅದು ದಿನನಿತ್ಯದ ಊಟ. ಒಳಗೆ ಒಂದು ಶುಭ್ರವಾದ ಬಟ್ಟೆಚೀಲವಿಟ್ಟು ಅದರಲ್ಲಿ ಕಾಳು ತುಂಬಿ. ಲೆನ್ಸ್ ಅದರ ಮೇಲೆ ಕುಳಿತ ಕ್ಷಣ ಚಾಲಕರಿಗೆ ಎಂಜಿನ್ ಆರಿಸಲು ಹೇಳಿ, ಇಲ್ಲವಾದರೆ ನಡುಕವೆಲ್ಲ ಚಿತ್ರಕ್ಕೆ ಬರುತ್ತದೆ.

ಧೂಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಹೋಗಬೇಡಿ, ಕೀನ್ಯಾ 2017ರಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ. ನಾನು ಹಳೆಯ ಹತ್ತಿ ಪಂಚೆಯನ್ನು ಎರಡಾಗಿ ಹರಿದು ಎರಡೂ ಕ್ಯಾಮೆರಾಗಳಿಗೆ ಹೊದಿಸುತ್ತೇನೆ. ವಾಹನ ನಿಂತೊಡನೆ ಒಂದೇ ಕೈಯಲ್ಲಿ ಸರಿಸಬಹುದು. ರಾತ್ರಿ ಗಾಳಿಯೂದುವ ರಬ್ಬರ್ ಬುರುಡೆಯಿಂದ ಧೂಳು ಹಾರಿಸಿದ ಮೇಲೆಯೇ ಗಾಜಿಗೆ ಬಟ್ಟೆ ತಾಗಿಸಿ.

ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ವಿಮಾನದ ಸರಕು ಭಾಗಕ್ಕೆ ಹಾಕುವಂತಿಲ್ಲ. ಪ್ರತಿ ಕ್ಯಾಮೆರಾಕ್ಕೆ ಮೂರು ಇರಲಿ, ಏಕೆಂದರೆ ಅನೇಕ ಶಿಬಿರಗಳಲ್ಲಿ ವಿದ್ಯುತ್ ಕೆಲವೇ ಗಂಟೆ ಇರುತ್ತದೆ. ಅಲ್ಲಿನ ಸಾಕೆಟ್ಟಿಗೆ ಇಂಗ್ಲೆಂಡಿನ ಮಾದರಿಯ ಚೌಕ ಮೂರು ಪಿನ್ ಬೇಕು. ಒಂದೇ ಅಡಾಪ್ಟರ್, ಅದಕ್ಕೆ ನಮ್ಮೂರಿನ ಎಕ್ಸ್‌ಟೆನ್ಷನ್ ಬೋರ್ಡ್ ಸಿಕ್ಕಿಸಿದರೆ ಎಲ್ಲ ಚಾರ್ಜರ್‌ಗಳೂ ಒಟ್ಟಿಗೆ ಕೂರುತ್ತವೆ. ನಾನು ದಿನಕ್ಕೆ ಸುಮಾರು 1,500 ಚಿತ್ರ ತೆಗೆಯುತ್ತೇನೆ, ದಿನಕ್ಕೊಂದು 64 ಜಿಬಿ ಕಾರ್ಡ್ ಸಾಕಾಗುತ್ತದೆ. ಲ್ಯಾಪ್‌ಟಾಪ್ ಒಯ್ಯುವುದಿಲ್ಲ. ಡ್ರೋನ್ ಬೇಡವೇ ಬೇಡ. ಅನುಮತಿಯಿಲ್ಲದೆ ಹಾರಿಸುವುದು ಅಪರಾಧ, ಪ್ರಾಣಿಗಳಿಗೂ ಹಿಂಸೆ.

ಹೊರಡುವ ಹಿಂದಿನ ರಾತ್ರಿ ಕಾಳನ್ನು ಅಡುಗೆಮನೆಗೆ ಮರಳಿಸಿ, ಜೋಳಿಗೆಯನ್ನು ಕೊಡವಿ ಮಡಚಿಡಿ.