ಹೀಟಿಂಗ್ ಬಿಲ್ ಜಾಸ್ತಿ ಬರುತ್ತಿದೆಯೇ? ವೆದರೈಸೇಷನ್ ಸಹಾಯ ಕೇಳಿ ನೋಡಿ

ಅಮೆರಿಕದಲ್ಲಿ ಮೊದಲ ಚಳಿಗಾಲದ ಗ್ಯಾಸ್ ಬಿಲ್ ಬಂದಾಗ ಎಲ್ಲರೂ ಕಿಟಕಿಯನ್ನೇ ಬೈಯುತ್ತಾರೆ. ಆದರೆ ಹಳೇ ಮನೆಗಳಲ್ಲಿ ಬಿಸಿ ಗಾಳಿ ಮೇಲಕ್ಕೇರಿ ಅಟ್ಟದ ಸಂದಿಗಳಿಂದಲೂ ಹೊರಗೆ ಹೋಗುತ್ತದೆ. ಅದನ್ನೆಲ್ಲ ಮುಚ್ಚಿಸಿಕೊಡುವ ಸರ್ಕಾರಿ ಯೋಜನೆಯೊಂದು 1976ರಿಂದ ಇದೆ. ಹೆಸರು ವೆದರೈಸೇಷನ್ ಅಸಿಸ್ಟೆನ್ಸ್ ಪ್ರೋಗ್ರಾಂ. ಇದು ಸಾಲವಲ್ಲ, ತೀರಿಸಬೇಕಾಗಿಲ್ಲ.

ಮನೆಯ ಆದಾಯ ಕೇಂದ್ರ ಸರ್ಕಾರದ ಬಡತನ ರೇಖೆಯ ಎರಡು ಪಟ್ಟಿನೊಳಗೆ ಇರಬೇಕು. 2025ರ ಲೆಕ್ಕದಲ್ಲಿ ನಾಲ್ಕು ಜನರಿದ್ದರೆ ವರ್ಷಕ್ಕೆ 64,300 ಡಾಲರ್. "ನಾವೇನು ಬಡವರಾ?" ಅಂತ ಸುಮ್ನೆ ಕೂರಬೇಡಿ. ಒಬ್ಬರೇ ದುಡಿಯುವ ಮನೆಗಳು ಎಷ್ಟೋ ಇದರೊಳಗೆ ಬರುತ್ತವೆ. ವಯಸ್ಸಾದವರು, ಅಂಗವಿಕಲರು, ಮಕ್ಕಳು ಇರುವ ಮನೆಗೆ ಆದ್ಯತೆ. ಎಚ್‌-1ಬಿ, ಎಫ್‌-1 ವೀಸಾದಲ್ಲಿ ಇರುವವರು ಮಾತ್ರ ಈ ಯೋಜನೆ ನಡೆಸುವ ಸ್ಥಳೀಯ ಏಜೆನ್ಸಿಯನ್ನೂ ವಲಸೆ ವಕೀಲರನ್ನೂ ಕೇಳದೆ ಅರ್ಜಿಗೆ ಸಹಿ ಹಾಕಬೇಡಿ.

ಬಾಡಿಗೆ ಮನೆಗೂ ಸಿಗುತ್ತದೆ, ಓನರ್ ಒಪ್ಪಿಗೆ ಬೇಕು ಅಷ್ಟೇ. ಈ ಕೆಲಸದ ನೆಪ ಹೇಳಿ ಅವರು ತಕ್ಷಣ ಬಾಡಿಗೆ ಏರಿಸುವಂತಿಲ್ಲ. 211 ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಕೌಂಟಿಯ ಏಜೆನ್ಸಿ ಯಾವುದೆಂದು ಹೇಳುತ್ತಾರೆ. ಸಂಬಳದ ಚೀಟಿ, ಗುರುತಿನ ಚೀಟಿ, ಗ್ಯಾಸ್ ಮತ್ತು ಕರೆಂಟ್ ಬಿಲ್ ರೆಡಿ ಇಟ್ಟುಕೊಳ್ಳಿ. ಬಿಲ್ ಕಟ್ಟಲು ನೆರವಾಗುವ ಲೈಹೀಪ್ ಬೇರೆ ಯೋಜನೆ, ಅದನ್ನೂ ಅವರ ಹತ್ತಿರವೇ ವಿಚಾರಿಸಿ.

ನಿಮ್ಮ ಸರದಿ ಬಂದಾಗ ಮೊದಲು ಮನೆ ಪರೀಕ್ಷೆ. ಮುಂಬಾಗಿಲಿಗೆ ಪರದೆ ಬಿಗಿದು, ಅದರಲ್ಲಿ ದೊಡ್ಡ ಫ್ಯಾನ್ ಕೂರಿಸಿ ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತಾರೆ. ಆಗ ಗೋಡೆಯ ಪ್ಲಗ್ ಪಾಯಿಂಟ್ ಹತ್ತಿರ, ಅಟ್ಟದ ಮುಚ್ಚಳದ ಅಂಚಿಗೆ ಕೈ ಹಿಡಿದು ನೋಡಿ. ತಣ್ಣನೆ ಗಾಳಿ ಸುಯ್ಯೆಂದು ಬೆರಳಿಗೆ ತಾಗುತ್ತದೆ. ಇಷ್ಟು ದಿನ ಬೀದಿಗೆ ಹೀಟರ್ ಹಚ್ಚಿದ್ದೆವಲ್ಲ ಅನಿಸುತ್ತದೆ! ಆಮೇಲೆ ಸಂದಿ ಮುಚ್ಚುವುದು, ಅಟ್ಟಕ್ಕೆ ಬಿಸಿ ಹೊರಹೋಗದಂತೆ ತಡೆಯುವ ಇನ್ಸುಲೇಷನ್ ತುಂಬುವುದು, ಮನೆ ಬಿಸಿ ಮಾಡುವ ಫರ್ನೇಸ್ ಮತ್ತು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಯ ತಪಾಸಣೆ. ಹೊಸ ಕಿಟಕಿಯ ಆಸೆ ಇಟ್ಟುಕೊಳ್ಳಬೇಡಿ, ಅದು ಅಪರೂಪ. ಸೂರು ಸೋರುತ್ತಿದ್ದರೆ ಅದು ರಿಪೇರಿ ಆಗುವವರೆಗೆ ಕೆಲಸ ಮುಂದೂಡಬಹುದು.

ಸರದಿ ಬರಲು ತಿಂಗಳುಗಟ್ಟಲೆ ಆಗಬಹುದು, ಅದಕ್ಕೇ ಬೇಸಿಗೆಯಲ್ಲೇ ಅರ್ಜಿ ಹಾಕುವುದು ಜಾಣತನ. ಅಲ್ಲಿಯವರೆಗೆ ಒಂದು ಮನೆಮದ್ದು: ಗಾಳಿ ಬೀಸುವ ದಿನ ಊದುಬತ್ತಿ ಹಚ್ಚಿ, ಪರದೆಗೆ ತಾಗದಂತೆ, ಬಾಗಿಲು ಕಿಟಕಿಗಳ ಅಂಚಿನಲ್ಲಿ ನಿಧಾನಕ್ಕೆ ಸುತ್ತಿಸಿ. ಹೊಗೆ ಎಲ್ಲಿ ಅಡ್ಡ ಬಾಗುತ್ತದೋ ಅಲ್ಲಿ ಗಾಳಿ ತಡೆಯುವ ಪಟ್ಟಿ ಅಂಟಿಸಿ.